ಕಂದು ಗಾಜಿಗೆ ಕಾಣದ ಅಂಚು

ಮದ್ರಾಸಿಗೆ ಬಂದ ಮಾರನೆಯ ದಿನವೇ ನಾನು ಕಣ್ಣಾರೆ ಕಂಡ ಅನ್ಯಾಯವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಕೆಲಸ ಮಾಡುವ ಸಿನಿಮಾ ಸ್ಟುಡಿಯೋದ ಹಿತ್ತಲಲ್ಲಿ ಇಬ್ಬರು ಗಂಡಸರು ಹಂಡೆಯ ತುಂಬ ಟೀ ಸೊಪ್ಪು ಕುದಿಸಿ, ಹೊಚ್ಚ ಹೊಸ ಬಿಳಿ ಪಂಚೆಗಳನ್ನು ಅದರೊಳಕ್ಕೆ ಒಂದೊಂದಾಗಿ ಅದ್ದಿ ಅದ್ದಿ ತೆಗೆಯುತ್ತಿದ್ದರು. ಹಾಲಿಲ್ಲ, ಬೆಲ್ಲವಿಲ್ಲ, ಬರೀ ಕಷಾಯ. ಪಂಚೆಗಳೋ, ಅಂಗಡಿಯ ಮಡಿಕೆ ಕೂಡ ಮುರಿಯದಂಥವು. ನೂಲಿನ ಮನೆಯಲ್ಲಿ ಹುಟ್ಟಿದವಳು ನಾನು, ಬಟ್ಟೆಗೆ ಕಲೆಯಾದರೆ ಊಟ ಸೇರುವುದಿಲ್ಲ.

"ಏನೂಂದ್ರೆ, ಇವ್ರಿಗೇನು ತಲೆ ಕೆಟ್ಟದಾ?" ಎಂದೆ.

"ಸುಮ್ನಿರಮ್ಮಿ, ಮೆತ್ತಗೆ ಮಾತಾಡು," ಎಂದರು ಯಜಮಾನರು. "ಇಲ್ಲಿನ ದೀಪಕ್ಕೆ ಬಿಳೀ ಬಟ್ಟೆ ಉಟ್ರೆ ಫಿಲ್ಮಿನಲ್ಲಿ ಕಣ್ಣು ಕುಕ್ತದ. ಬಟ್ಟೆ ಮಡಿಯಾಗಿ ಕಾಣ್ಬೇಕು ಅಂದ್ರೆ ಮೊದ್ಲು ಅದನ್ನ ಕೊಳೆ ಮಾಡ್ಬೇಕು."

ಇಂಥ ಊರಿಗೆ ಬಂದೆನಲ್ಲಪ್ಪ ಎಂದುಕೊಂಡೆ. ಆಮೇಲೆ ಒಳಗೆ ಹೋಗಿ ನೋಡಿದರೆ ದೇವಸ್ಥಾನದ ಗೋಡೆಗೆ ಗುಲಾಬಿ ಬಣ್ಣ, ಕಲ್ಲು ಕಂಬಕ್ಕೆ ಹಸಿರು, ನಾಯಕಿಯ ತುಟಿಗೆ ಇಟ್ಟಿಗೆ ಪುಡಿಯ ಬಣ್ಣ. ಪಿಕ್ಚರಿನಲ್ಲಿ ಬರುವುದು ಮಾತ್ರ ಬೂದಿ ಮತ್ತು ಮಸಿ, ಎರಡೇ. ಅದನ್ನು ತೆಗೆಯುವುದಕ್ಕೆ ಇವರಿಗೆ ಇಷ್ಟೊಂದು ಬಣ್ಣ ಯಾಕೆ ಬೇಕು ಎಂಬುದು ನನಗೆ ಅರ್ಥವಾಗುವುದಕ್ಕೆ ಒಂದು ವರ್ಷ ಹಿಡಿಯಿತು. ಅರ್ಥವಾಗುವ ಹೊತ್ತಿಗೆ ನಮ್ಮಪ್ಪನ ಮಾನವನ್ನು ಬೀದಿಗೆ ತಂದಿದ್ದೆ.

ನಾನು ಕೊಳ್ಳೇಗಾಲದ ರೇಷ್ಮೆ ನೇಕಾರ ನಂಜಪ್ಪನ ಮಗಳು, ಪುಟ್ಟಗೌರಿ. ನಮ್ಮವ್ವ ಯಳಂದೂರಿನವಳು. ಯಳಂದೂರು ಮೈಸೂರು ಸೀಮೆ, ಕೊಳ್ಳೇಗಾಲ ಮದ್ರಾಸು ಸರ್ಕಾರಕ್ಕೆ ಸೇರಿದ್ದು. ಅಪ್ಪನ ಮೇಲೆ ಮುನಿಸು ಬಂದಾಗಲೆಲ್ಲ ಅವ್ವ "ನಮ್ಮ ಮಹಾರಾಜರ ಸೀಮೇಲಿ ಇಂಗಿಲ್ಲಪ್ಪ" ಎಂದು ಮೂತಿ ತಿರುವುತ್ತಿದ್ದಳು. ಯಜಮಾನರು ಹನೂರಿನ ಹತ್ತಿರ ಬಂಡಳ್ಳಿಯವರು, ಹೆಸರು ಹೇಳಬಾರದು, ಟೈಲರು. ಹೊಲಿಗೆ ಮೆಷಿನ್ನು ಹಿಡಿದುಕೊಂಡು ಮದ್ರಾಸು ಸೇರಿ, ಕೋಡಂಬಾಕ್ಕಂನ ಒಂದು ಸ್ಟುಡಿಯೋದ ಬಟ್ಟೆ ಕೋಣೆಯಲ್ಲಿ ಕೆಲಸ ಗಿಟ್ಟಿಸಿದ್ದರು. ಕನ್ನಡ ಪಿಕ್ಚರುಗಳನ್ನೂ ಇಲ್ಲೇ ತೆಗೆಯುತ್ತಾರೆಂದು ಆಗಲೇ ನನಗೆ ಗೊತ್ತಾದದ್ದು. ನಮ್ಮೂರ ಸಿನಿಮಾ ಟೆಂಟಿನಲ್ಲಿ ನೋಡಿದ ಮೈಸೂರು ಅರಮನೆ ಮದ್ರಾಸಿನ ಹಲಗೆಯದು ಎಂದು ತಿಳಿದಾಗ ಬೇಜಾರೇ ಆಯಿತು.

ಮನೆಯ ವಿಷಯ ಹೇಳಬೇಕು. ಇಲ್ಲಿ ಮನೆ ಎನ್ನುವುದಿಲ್ಲ, ಪೋರ್ಷನ್ ಎನ್ನುತ್ತಾರೆ. ಒಂದು ತೊಟ್ಟಿಯ ಸುತ್ತ ಐದು ಸಂಸಾರ, ಒಂದು ಬಾವಿ, ಒಂದು ಬಚ್ಚಲು. ಬಾವಿಯ ನೀರು ಉಪ್ಪು. ಬಾಯಿಗೆ ಹಾಕಿಕೊಂಡ ತಕ್ಷಣ, ಈ ನೀರಿನಲ್ಲಿ ರೇಷ್ಮೆಗೆ ಬಣ್ಣ ಹಿಡಿಯುವುದಿಲ್ಲ ಎಂದೆ. ಮನೆ ಯಜಮಾನಿಗೆ ಅದು ಕೇಳಿಸಿತು. ಅವರನ್ನು ಎಲ್ಲರೂ 'ವೀಟ್ಟಮ್ಮ' ಎನ್ನುತ್ತಾರೆ, ಅಂದರೆ ಮನೆಯಮ್ಮ. "ಕುಡಿಯೋ ನೀರಿನ ಬಗ್ಗೆ ಬಣ್ಣದ ಮಾತಾಡ್ತಾಳಲ್ಲ ಈ ಹುಡುಗಿ," ಎಂದು ತಮಿಳಿನಲ್ಲಿ ಹೇಳಿ ನಕ್ಕರು.

ತಮಿಳು ನನಗೆ ಬರುತ್ತದೆ ಎಂಬ ಜಂಬವೂ ಇತ್ತು. ಕೊಳ್ಳೇಗಾಲದ ಸಂತೆಯಲ್ಲಿ, ಕಚೇರಿಯಲ್ಲಿ ಕಿವಿಗೆ ಬಿದ್ದ ತಮಿಳು. ಇಲ್ಲಿ ಬಾಯಿ ಬಿಟ್ಟರೆ "ಕಾಡಿನ ಕಡೆಯವಳಾ?" ಎಂದು ಕೇಳುತ್ತಾರೆ. ರಾಗಿಗೆ ಇವರು 'ಕೇವರಗು' ಎನ್ನುತ್ತಾರೆ. ಅದನ್ನು ಹುಳಿ ಗಂಜಿ ಮಾಡಿ ರಸ್ತೆ ಬದಿಯಲ್ಲಿ ಮಡಕೆಯಲ್ಲಿಟ್ಟು ಮಾರುತ್ತಾರೆ. ರಿಕ್ಷಾ ಎಳೆಯುವವರು ನಿಂತುಕೊಂಡೇ ಕುಡಿದು ಹೋಗುತ್ತಾರೆ. ನಾನು ಹಿಟ್ಟು ಬೀಸಿಸಿಕೊಂಡು ಬಂದು ಮುದ್ದೆ ಕಟ್ಟಿದ ದಿನ ಐದು ಸಂಸಾರದ ಹೆಂಗಸರೂ ಬಾಗಿಲಲ್ಲಿ ಜಮಾಯಿಸಿದರು. ಅಷ್ಟು ದೊಡ್ಡದನ್ನು ಅಗಿಯದೆ ನುಂಗುತ್ತಾಳಂತೆ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ನುಂಗಿ ತೋರಿಸಿದೆ. ತಿಂಗಳೊಪ್ಪತ್ತಿನಲ್ಲಿ ವೀಟ್ಟಮ್ಮ ನನ್ನ ಸೊಪ್ಪಿನ ಸಾರಿಗೆ ಬಟ್ಟಲು ಹಿಡಿದುಕೊಂಡು ಬರುವಂತಾಯಿತು.

ಆದರೂ ಮಧ್ಯಾಹ್ನ ತಡೆಯಲಾಗುತ್ತಿರಲಿಲ್ಲ. ನಮ್ಮ ಕೇರಿಯಲ್ಲಿ ಮಧ್ಯಾಹ್ನವೆಂದರೆ ಮನೆ ಮನೆಯಿಂದಲೂ ಮಗ್ಗದ ಸದ್ದು. ಸದ್ದು ನಿಂತರೆ ಆ ಮನೆಯಲ್ಲಿ ಏನೋ ಆಗಿದೆ ಎಂದು ಓಡಿಹೋಗಿ ನೋಡುತ್ತಿದ್ದೆವು. ಇಲ್ಲಿ ಮಧ್ಯಾಹ್ನ ಯಾವ ಸದ್ದೂ ಇಲ್ಲ. ಮದುವೆಗೆ ಮುಂಚೆ ಹತ್ತು ವರ್ಷ ಅಪ್ಪನ ಮಗ್ಗದ ಬಲಗಡೆ ಕೂತವಳು ನಾನು. ನಮ್ಮ ಸೀರೆಯ ಮೈಗೂ ಅಂಚಿಗೂ ಬೇರೆ ಬೇರೆ ಲಾಳಿ. ಮೈಯ ಎಳೆ ಬಂದು ಅಂಚಿನ ಎಳೆಗೆ ಕೊಂಡಿ ಹಾಕಿಕೊಂಡು ಹಿಂದಕ್ಕೆ ಹೋಗಬೇಕು, ಪ್ರತಿ ಸಲವೂ. ಒಂದು ಕೊಂಡಿ ತಪ್ಪಿದರೆ ಅಲ್ಲಿ ಸೀಳು ಬಿಡುತ್ತದೆ. ಎಡದ ಅಂಚು ಅಪ್ಪನದು, ಬಲದ ಅಂಚು ನನ್ನದು. ಖಾಲಿ ಕೂತರೆ ಬಲಗೈ ತಾನಾಗಿ ಆಡುತ್ತಿತ್ತು. ಒಬ್ಬಳೇ ಕೂತು ಅತ್ತೂ ಇದ್ದೇನೆ, ಹೇಳಿಕೊಳ್ಳುವುದಕ್ಕೆ ನಾಚಿಕೆಯೇನು.

ಅಷ್ಟರಲ್ಲಿ ಒಂದು ದಿನ ಯಜಮಾನರು ಓಡೋಡಿ ಬಂದು, "ಅಮ್ಮಿ, ಬಾ ಬೇಗ, ಅಲ್ಲಿ ಸೀರೆ ನಿಲ್ತಾ ಇಲ್ಲ," ಎಂದರು. ರೇಷ್ಮೆ ಸೀರೆ ಉಟ್ಟ ನಾಯಕಿ ಎರಡು ಹೆಜ್ಜೆ ಇಟ್ಟರೆ ನೆರಿಗೆ ಜಾರುತ್ತಿತ್ತಂತೆ. ಹೋಗಿ ಉಡಿಸಿದೆ. ಆಕೆ ಮೆಟ್ಟಿಲು ಹತ್ತಿದರು, ಇಳಿದರು, ಕುಣಿದರು, ನೆರಿಗೆ ಅಲ್ಲಾಡಲಿಲ್ಲ. ಅಂದಿನಿಂದ ನಾನು ಸ್ಟುಡಿಯೋಗೆ 'ಸೀರೆಯಮ್ಮ' ಆದೆ. ಸಂಬಳ ಕಡಿಮೆ, ಮರ್ಯಾದೆ ಜಾಸ್ತಿ. ನನಗೆ ಅದೇ ಬೇಕಾಗಿತ್ತು.

ಅಲ್ಲಿ ಒಬ್ಬರು ಕ್ಯಾಮೆರಾ ಹಿಡಿಯುವವರಿದ್ದರು. ತಮಿಳರು, ವಯಸ್ಸಾದವರು, ಎಲ್ಲರೂ ಅಯ್ಯ ಎನ್ನುತ್ತಿದ್ದರು. ಅವರ ಕೊರಳಲ್ಲಿ ಸದಾ ಒಂದು ಕಂದು ಗಾಜು ನೇತಾಡುತ್ತಿತ್ತು. ಯಾರು ಏನು ಉಟ್ಟು ಬಂದರೂ ಅದನ್ನು ಕಣ್ಣಿಗೆ ಹಿಡಿದು ನೋಡುವುದು, ಹ್ಞೂಂ ಅಥವಾ ಊಹೂಂ ಎನ್ನುವುದು. ನನಗೆ ಅದು ಜೋಯಿಸರ ಆಟದ ಹಾಗೆ ಕಾಣುತ್ತಿತ್ತು.

ಒಂದು ಕನ್ನಡ ಪಿಕ್ಚರಿಗೆ ಮದುವೆಯ ಸೀನು ಬಂತು. ಹತ್ತಾರು ಹೆಂಗಸರ ನಡುವೆ ಮದುವಣಗಿತ್ತಿ ಎದ್ದು ಕಾಣಬೇಕು, ಅಂಥ ಸೀರೆ ಬೇಕು ಎಂದರು ಡೈರೆಕ್ಟರು. ನಾನು ಬಾಯಿ ಮುಚ್ಚಿಕೊಂಡಿರುವ ಪೈಕಿಯೇ? "ನಮ್ಮಪ್ಪ ನೇಯ್ಕೊಡ್ತಾರೆ ಸಾ. ಕೊಳ್ಳೇಗಾಲದಲ್ಲಿ ಅಂಥ ಕೈ ಇನ್ನೊಂದಿಲ್ಲ," ಎಂದುಬಿಟ್ಟೆ. ಅಪ್ಪನಿಗೆ ಕಾಗದ ಬರೆದೆ. ಕುಂಕುಮಗೆಂಪು ಮೈ, ಗಿಳಿ ಹಸಿರಿನ ಅಂಚು. ನಮ್ಮ ಕಡೆ ಧಾರೆ ಸೀರೆಯೆಂದರೆ ಅದೇ. ಕೆಂಪಿನ ಪಕ್ಕ ಹಸಿರು ಬಂದರೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ, ಇನ್ನೇನು ಬೇಕು?

ಸೀರೆ ಬಂತು, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಒಂದು ವೀಳ್ಯದೆಲೆ ಸಿಕ್ಕಿಸಿ. ಕ್ಯಾಮೆರಾ ಅಯ್ಯ ಕೇಳಿದರು: "ಬಿಚ್ಚಿ ತೋರಿಸಮ್ಮ, ಗಾಜಿನಲ್ಲಿ ನೋಡ್ಬೇಕು."

ಆಗ ನಾನು ಮಾಡಿದ ತಪ್ಪನ್ನು ಕೇಳಿ ನೀವು ನಗಬಹುದು, ಆದರೆ ನಮ್ಮ ಕೇರಿಯಲ್ಲಿ ಯಾರಾಗಿದ್ದರೂ ಅದನ್ನೇ ಮಾಡುತ್ತಿದ್ದರು. ನಮ್ಮಲ್ಲಿ ಧಾರೆ ಸೀರೆಯ ಮಡಿಕೆಯನ್ನು ಹೆಣ್ಣಿನ ಮೈಮೇಲೆ ಹಾಕುವವರೆಗೆ ಬಿಚ್ಚುವುದಿಲ್ಲ. ಮಗ್ಗದಿಂದ ಇಳಿಸಿ, ಮಡಚಿ, ದೇವರ ಮುಂದಿಟ್ಟು ಕೊಟ್ಟರೆ ಮುಗಿಯಿತು. ನಡುವೆ ಬಿಚ್ಚಿದರೆ ಉಟ್ಟ ಸೀರೆಗೆ ಸಮ. ಇದು ಸುಳ್ಳು ಮದುವೆ, ನಾಯಕಿಗೆ ಆಗಲೇ ಎರಡು ಮಕ್ಕಳಿವೆ, ಎಲ್ಲ ನನಗೆ ಗೊತ್ತು. ಆದರೂ ಕೈ ಬರಲಿಲ್ಲ. "ಆಗಲ್ಲ ಅಯ್ಯ, ಧಾರೆ ಹೊತ್ತಿಗೇ ಬಿಚ್ಚೋದು," ಎಂದೆ. ಮನಸ್ಸಿನಲ್ಲಿ, ನಮ್ಮಪ್ಪನ ಸೀರೆಯನ್ನು ಪರೀಕ್ಷೆ ಮಾಡುವುದಕ್ಕೆ ಇವರ್ಯಾರು ಎಂಬ ಸಿಟ್ಟೂ ಇತ್ತು. ಅವರು ದೊಡ್ಡ ಮನುಷ್ಯರು, ನಕ್ಕು ಸುಮ್ಮನಾದರು. ಅದು ಅವರ ತಪ್ಪು, ಒತ್ತಾಯ ಮಾಡಬೇಕಿತ್ತು.

ಆತುರಾತುರವಾಗಿ ಉಡಿಸಿದೆ. ದೀಪಗಳ ಕೆಳಗೆ ಆಕೆ ಬಂದು ನಿಂತಾಗ ಮೇಸ್ತ್ರಿಗಳೂ ಆಳುಗಳೂ ಕೆಲಸ ಬಿಟ್ಟು ನೋಡಿದರು. ನನ್ನ ಎದೆ ಉಬ್ಬಿತು.

ತೆಗೆದ ಫಿಲ್ಮನ್ನು ತೊಳೆದು ಮೊದಲ ಸಲ ಹಾಕಿ ನೋಡುವುದಕ್ಕೆ ಇಲ್ಲಿ ರಶ್ ನೋಡುವುದು ಎನ್ನುತ್ತಾರೆ. ಮೂರನೆಯ ದಿನ ರಶ್ ನೋಡಿದೆವು. ಅಮ್ಮಯ್ಯ! ಎಲ್ಲಿ ಸೀರೆ? ಎಲ್ಲಿ ಅಂಚು? ಮದುವಣಗಿತ್ತಿ ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಬೂದಿ ಬಣ್ಣದ ಗೋಣಿಚೀಲ ಸುತ್ತಿಕೊಂಡಂತೆ ನಿಂತಿದ್ದಾಳೆ. ಹಿಂದಿನ ಗೋಡೆಯೂ ಅದೇ ಬೂದಿ. ಪಕ್ಕದಲ್ಲಿ ಹಳೇ ಹತ್ತಿ ಸೀರೆ ಉಟ್ಟ ಮುದುಕಿಯೇ ಅವಳಿಗಿಂತ ಚೆನ್ನಾಗಿ ಕಾಣುತ್ತಿದ್ದಾಳೆ. ಡೈರೆಕ್ಟರು ಎದ್ದು ಕೂಗಾಡಿದರು. ಮ್ಯಾನೇಜರು ಯಜಮಾನರ ಕಡೆ ತಿರುಗಿ, "ನಿನ್ನ ಹೆಂಡತಿ ಪೂಜೆ ಪುನಸ್ಕಾರ ಮಾಡ್ತಾಳೆ, ನಷ್ಟ ನಾವು ತಡ್ಕೋಬೇಕಾ?" ಎಂದರು. ಯಜಮಾನರು ತಲೆ ತಗ್ಗಿಸಿ ನಿಂತರು.

ಕ್ಯಾಮೆರಾ ಅಯ್ಯ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಕೊರಳಿನ ಗಾಜು ಬಿಚ್ಚಿ ಕೈಗೆ ಕೊಟ್ಟರು. ಕಣ್ಣಿಗೆ ಹಿಡಿದು ಆ ಸೀರೆಯನ್ನು ನೋಡಿದೆ. ಕೆಂಪು ಇಲ್ಲ, ಹಸಿರು ಇಲ್ಲ. ಎರಡೂ ಒಂದೇ ಮಣ್ಣಿನ ಬಣ್ಣ. "ಎಲ್ಲಾಂ ಒಣ್ಣುದಾಮ್ಮಾ," ಎಂದರು. ಎಲ್ಲಾ ಒಂದೇ ಕಣಮ್ಮ ಎಂದು. ಆಮೇಲೆ ಬಿಡಿಸಿ ಹೇಳಿದರು. ಕ್ಯಾಮೆರಾಕ್ಕೆ ಬಣ್ಣ ಗೊತ್ತಿಲ್ಲ, ಬೆಳಕು ಎಷ್ಟು, ಕತ್ತಲು ಎಷ್ಟು, ಅಷ್ಟೇ ಗೊತ್ತು. ಕೆಂಪೂ ಹಸಿರೂ ನಮಗೆ ಬೆಂಕಿ ನೀರಿನಷ್ಟು ಬೇರೆ, ಅದಕ್ಕೆ ಅವಳಿ ಜವಳಿ. ತಿಳಿ ಬಣ್ಣದ ಪಕ್ಕ ಗಾಢ ಬಣ್ಣ ಇಟ್ಟರೆ ಮಾತ್ರ ಅಂಚು ಅಂಚಾಗಿ ಕಾಣುತ್ತದೆ. ಅದಕ್ಕೇ ಇಲ್ಲಿ ಕಂಬಕ್ಕೂ ತುಟಿಗೂ ಅಂಥ ಬಣ್ಣ ಬಳಿಯುತ್ತಾರೆ.

ಅಂಗಡಿಯಿಂದ ಬೇರೆ ಸೀರೆ ತರೋಣ ಎಂದರು ಮ್ಯಾನೇಜರು. ನನ್ನ ಮೊಂಡುತನ ನೋಡಿ, ಅಷ್ಟಾದ ಮೇಲೂ ಬೇಡ ಎಂದೆ. ಕೊಳ್ಳೇಗಾಲದ ಸೀರೆ ಗೋಣಿಚೀಲ ಎಂಬ ಮಾತು ಆ ಕೋಣೆಯಲ್ಲಿ ಉಳಿಯಕೂಡದು. ನಾಯಕಿ ಬೇರೆ ಪಿಕ್ಚರಿಗೆ ಹೋಗಿದ್ದರು, ಬರುವುದಕ್ಕೆ ಒಂದು ತಿಂಗಳಿತ್ತು. "ಒಂದು ತಿಂಗಳಲ್ಲಿ ಸರಿಯಾದ ಸೀರೆ ಬರದಿದ್ದರೆ ಗಂಡ ಹೆಂಡತಿ ಇಬ್ಬರೂ ನಿಮ್ಮೂರಿನಲ್ಲೇ ಇರಿ," ಎಂದರು ಮ್ಯಾನೇಜರು. ಯಜಮಾನರ ಕೆಲಸ ನನ್ನ ಸೆರಗಿನಲ್ಲಿ ಕಟ್ಟಿದಂತಾಯಿತು. ಅಯ್ಯ ತಮ್ಮ ಗಾಜನ್ನು ನನಗೆ ಕೊಟ್ಟು, "ಜೋಪಾನ, ವಿಲಾಯತಿಯಿಂದ ತರಿಸಿದ್ದು," ಎಂದರು.

ಆ ಸೀರೆಯನ್ನೂ ಕಟ್ಟಿಕೊಂಡು ಊರಿಗೆ ಹೊರಟೆ. ರೈಲಿನಲ್ಲಿ ಈರೋಡು, ಅಲ್ಲಿಂದ ಬಸ್ಸಿನಲ್ಲಿ ಸತ್ಯಮಂಗಲ, ದಿಂಬಂ ಘಟ್ಟ. ಘಟ್ಟ ಹತ್ತಿ ತಂಪು ಗಾಳಿ ಬೀಸಿದಾಗ ಗಾಜು ತೆಗೆದು ಕಾಡನ್ನು ನೋಡಿದೆ. ಮುತ್ತುಗದ ಹೂವೂ ಸುತ್ತಲ ಮರಗಳ ಎಲೆಯೂ ಒಂದಾಗಿಬಿಟ್ಟಿದ್ದವು. ತಕ್ಷಣ ಗಾಜು ಮಡಿಲಿಗೆ ಸೇರಿಸಿದೆ. ನಮ್ಮ ಕಾಡನ್ನು ಹಾಗೆ ನೋಡುವುದಕ್ಕೆ ಮನಸ್ಸಾಗಲಿಲ್ಲ.

ಅಪ್ಪ ಜಗಲಿಯಲ್ಲಿ ಕೂತಿದ್ದ. ನಾನು ಹತ್ತಿರ ಬರುವವರೆಗೂ ಸುಮ್ಮನಿದ್ದು, "ಅಪ್ಪಾ" ಎಂದ ಮೇಲೆ ಎದ್ದು, "ಬಾ ಮಗಾ, ಬಾ ಮಗಾ," ಎಂದು ತೋಳು ಹಿಡಿದುಕೊಂಡ. ಅವ್ವ ಅನ್ನ ಬಡಿಸುತ್ತ, "ಮದ್ರಾಸು ನೀರಿಗೆ ಮಗ ಕಪ್ಪಾಗ್ಬುಟ್ಟದ," ಎಂದು ಪೇಚಾಡಿದಳು. ಉಂಡ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ತಿಳಿಯಾದ ಮೈಗೆ ಕಪ್ಪನೆ ಅಂಚು ಬೇಕಪ್ಪ ಎಂದೆ.

"ಧಾರೆ ಸೀರಗ ಕಪ್ಪಂಚಾ?" ಅಪ್ಪನ ದನಿ ಏರಿತು. "ಏನ್ಲಾ... ಏನವ್ವ ಮಾತಾಡ್ತಿದ್ದೀಯ? ನನ್ನ ಮಗ್ಗದ ಮ್ಯಾಲ ಆಗಾಕಿಲ್ಲ."

"ಕಪ್ಪೇ ಬೇಡ. ಕಪ್ಪಿನ ಹಾಗೆ ಕಂಡ್ರೆ ಸಾಕು. ಬದನೇ ಬಣ್ಣ ಹಾಕು."

"ಆಗಾಕಿಲ್ಲ ಅಂದೆ. ಕೆಂಪು ಹಸ್ರು ಕಾಣದೋನ್ಗೆ ನಾನ್ಯಾಕ ನೇಯ್ಲಿ? ನಿನ್ನ ಕ್ಯಾಮೆರಾಕ ಕಣ್ಣಿಲ್ಲ, ಅಂಗಂತ ಓಗಿ ಏಳು."

ನನಗೂ ಅವನದೇ ರಕ್ತ. ಹಿತ್ತಲಲ್ಲಿ ಬಣ್ಣ ಹಾಕಿದ ರೇಷ್ಮೆ ಲಡಿಗಳನ್ನು ಗಳದ ಮೇಲೆ ಒಣಹಾಕಿದ್ದರು, ಕೆಂಪು, ಹಸಿರು, ಹಳದಿ. ಅಪ್ಪನ ಕೈ ಹಿಡಿದು ಎಳೆದುಕೊಂಡು ಹೋಗಿ ಬಿಸಿಲಿನಲ್ಲಿ ನಿಲ್ಲಿಸಿ, ಗಾಜನ್ನು ಅವನ ಕಣ್ಣಿಗೆ ಹಿಡಿದೆ.

"ಈಗ ಏಳು, ಏನ್ ಕಾಣ್ತದ? ಕೆಂಪ್ಯಾವುದು, ಹಸ್ರ್ಯಾವುದು?"

ಅಪ್ಪ ಬಹಳ ಹೊತ್ತು ನೋಡಿದ. "ಎರಡೂ ಒಂದೇ ಥರ ಕಾಣ್ತದ," ಎಂದ.

"ನೋಡ್ದಾ! ನಾನ್ ಏಳಿದ್ದು ಸುಳ್ಳಾ?" ಎಂದು ಗೆದ್ದವಳ ಹಾಗೆ ಗಾಜು ಕಿತ್ತುಕೊಂಡೆ.

ಅಪ್ಪ ಅಲ್ಲೇ ನಿಂತಿದ್ದ. ಅವನ ಕಣ್ಣು ಇನ್ನೂ ಲಡಿಗಳ ಮೇಲೇ ಇತ್ತು. ಆಮೇಲೆ, ಅವ್ವನಿಗೆ ಕೇಳಿಸದ ಹಾಗೆ, "ಗಾಜು ತಗದ್ರೂ ಅಂಗೇ ಕಾಣ್ತದ ಕಣವ್ವ," ಎಂದ.

ಹತ್ತಿರ ನಿಂತು ನೋಡಿದೆ. ಎರಡು ಕಣ್ಣಿಗೂ ಮಬ್ಬು ಕಟ್ಟಿತ್ತು. ಪೊರೆ. ಒಳಗೆ ಹೋಗಿ ಮದ್ರಾಸಿನಿಂದ ವಾಪಸು ತಂದಿದ್ದ ಕೆಂಪು ಸೀರೆಯನ್ನು ಬಿಸಿಲಿಗೆ ಬಿಚ್ಚಿದೆ. ಉಡಿಸುವ ದಿನ ಆತುರ, ಮೇಲೆ ಹೆಮ್ಮೆ, ಬಣ್ಣ ನೋಡಿದ್ದೆನೇ ಹೊರತು ಕೊಂಡಿ ನೋಡಿರಲಿಲ್ಲ. ಅಂಚಿನ ಉದ್ದಕ್ಕೂ ಕೊಂಡಿ ತಪ್ಪಿತ್ತು. ಒಂದು ಕಡೆ ಕಿರುಬೆರಳು ತೂರುವಷ್ಟು ಸೀಳು. ಮೈ ಎಲ್ಲಿ ಮುಗಿಯಿತು, ಅಂಚು ಎಲ್ಲಿ ಶುರುವಾಯಿತು ಎಂಬುದು ಅವನಿಗೆ ಕಂಡೇ ಇರಲಿಲ್ಲ. ಬೆರಳಿನಲ್ಲಿ ತಡವಿ ತಡವಿ ನೇಯ್ದಿದ್ದ. ಬಲಗಡೆಗೆ ನನ್ನ ಜಾಗಕ್ಕೆ ಯಾರನ್ನೂ ಕೂರಿಸಿಕೊಂಡಿರಲಿಲ್ಲ. ಕೂರಿಸಿಕೊಂಡರೆ ಗುಟ್ಟು ಗೊತ್ತಾಗುತ್ತದೆ, ಗೊತ್ತಾದರೆ ರೇಷ್ಮೆ ಕೊಡುವ ಸಾವ್ಕಾರರು ಕೊಡುವುದನ್ನು ನಿಲ್ಲಿಸುತ್ತಾರೆ, ಮಗ್ಗ ನಿಂತರೆ ನಂಜಪ್ಪ ಯಾರು? ಇಷ್ಟನ್ನೂ ಅಪ್ಪ ಗೋಡೆಗೆ ಒರಗಿ ಕೂತು ನಿಧಾನವಾಗಿ ಹೇಳಿದ. ನಾನು ಅವನ ಪಾದ ಹಿಡಿದುಕೊಂಡು ಅತ್ತೆ. ಕಣ್ಣಿಲ್ಲದ ಕ್ಯಾಮೆರಾದ ಮೇಲೆ ಅವನು ಸಿಟ್ಟು ಮಾಡಿಕೊಂಡದ್ದು ಯಾಕೆ ಎಂದು ಆಗ ತಿಳಿಯಿತು.

ಸಂಜೆ ಎದ್ದು ಮುಖ ತೊಳೆದುಕೊಂಡವಳಿಗೆ ಥಟ್ಟನೆ ಹೊಳೆಯಿತು. ಗಾಜಿಗೆ ಯಾವುದು ಕಾಣುತ್ತದೋ ಅದು ಅಪ್ಪನಿಗೂ ಕಾಣಬೇಕಲ್ಲ? ನಿಂಬೆಹಣ್ಣಿನ ಹಳದಿಯ ಒಂದು ಲಡಿ ತಂದೆ, ಪಕ್ಕದ ಮನೆಯಿಂದ ಬದನೆ ಬಣ್ಣದ ಒಂದು ಲಡಿ ಕೇಳಿ ತಂದೆ. ಎರಡನ್ನೂ ಜೋಡಿಸಿ ಅಪ್ಪನ ಮುಂದೆ ಹಿಡಿದೆ.

"ಇದು?"

ಅಪ್ಪ ಮೂಗಿನ ಹತ್ತಿರ ತಂದುಕೊಂಡ. ದೂರ ಹಿಡಿದ. ಬೆರಳನ್ನು ಸರಿಯಾಗಿ ಎರಡರ ನಡುವಿನ ಗೆರೆಯ ಮೇಲೆ ಇಟ್ಟ. "ಇಲ್ಲಿ," ಎಂದ. ಮತ್ತೆ ಇನ್ನೊಂದು ಕಡೆ ಇಟ್ಟು, "ಇಲ್ಲೂ ಕಾಣ್ತದ. ಏ, ಚೆಂದಾಗಿ ಕಾಣ್ತದ ಕಣ್ಮಗ!" ಎಂದು ನಕ್ಕುಬಿಟ್ಟ. ಅಪ್ಪ ಹಾಗೆ ನಕ್ಕದ್ದನ್ನು ಕೇಳಿ ಅವ್ವ ಒಲೆ ಬಿಟ್ಟು ಓಡಿ ಬಂದಳು.

ಹಳದಿ ಮೈ, ಬದನೆ ಅಂಚು. ಹಳದಿ ಹೇಗೂ ಅರಿಶಿನದ ಬಣ್ಣ, ಬದನೆ ಕಪ್ಪಲ್ಲವಲ್ಲ ಎಂದು ಅಪ್ಪ ಶಾಸ್ತ್ರವನ್ನೂ ತಾನೇ ಸರಿಮಾಡಿಕೊಂಡ. ಮಗ್ಗ ಹೂಡಿದೆವು. ನಾನು ಬಲಗಡೆ ಕೂತೆ. ಮೊದಲ ದಿನ ನನ್ನ ಕೈ ತಡವರಿಸಿತು, ಅವನದಲ್ಲ. "ಮದ್ರಾಸ್ಗೋಗಿ ಕೈಯ ಮರ್ತ್ ಬಂದೀಯ," ಎಂದು ರೇಗಿಸಿದ. ನಾನೂ ಬಿಡಲಿಲ್ಲ, "ಮಾತ್ ಕಮ್ಮಿ ಮಾಡು, ಎಳೆ ನೋಡು," ಎಂದೆ. ಹದಿನೈದು ದಿನ ಹೀಗೆ ಜಗಳವಾಡುತ್ತ ನೇಯ್ದೆವು. ಒಂದು ಮಧ್ಯಾಹ್ನ ಕೈ ನಿಲ್ಲಿಸಿ, "ನೀನು ಇಲ್ಲೇ ಇದ್ದಿದ್ರ..." ಎಂದ. ನಾನು ಲಾಳಿ ದೂಡಿದೆ. ಯಜಮಾನರ ಕಾಗದ ಬಂದು ಮಡಿಲಲ್ಲಿತ್ತು: ಬೇಗ ಬಾ ಅಮ್ಮಿ, ಮ್ಯಾನೇಜರು ದಿನ ಎಣಿಸುತ್ತಿದ್ದಾರೆ.

ಸೀರೆ ಇಳಿಸಿದ ದಿನ ಅಪ್ಪನೇ ಅದನ್ನು ಮಡಚದೆ ಅಂಗಳದಲ್ಲಿ ಹರಡಿ, "ಬಿಚ್ಚೇ ನೋಡವ್ವ, ಗಾಜ್ ಇಡ್ಕಂಡು ನೋಡು," ಎಂದ. ತುದಿಯಿಂದ ತುದಿಗೆ ನೋಡಿದೆ. ಒಂದೇ ಒಂದು ಕೊಂಡಿ ತಪ್ಪಿತ್ತು, ಅದೂ ಬಲಗಡೆ.

ಮದ್ರಾಸಿನಲ್ಲಿ ಮತ್ತೆ ಸೀನು ತೆಗೆದರು. ರಶ್ಶಿನಲ್ಲಿ ಮದುವಣಗಿತ್ತಿ ಹಜಾರಕ್ಕೆ ಕಾಲಿಟ್ಟ ಕೂಡಲೇ ಬೇರೆ ಯಾರೂ ಕಾಣಲಿಲ್ಲ. ಹಾಲಿನಂಥ ಸೀರೆ, ಅದರ ಸುತ್ತ ಕಾಡಿಗೆ ತೀಡಿದಂಥ ಅಂಚು. ಅಯ್ಯ ನನ್ನ ಕಡೆ ತಿರುಗಿ ಕೈ ಮುಗಿದರು. ಮ್ಯಾನೇಜರು ಯಜಮಾನರನ್ನು ಕರೆದು ಮುಂದಿನ ಪಿಕ್ಚರಿನ ಅಳತೆ ತೆಗೆದುಕೋ ಎಂದರು. ನಮಗೆ ಅಷ್ಟೇ ಸಾಕಾಗಿತ್ತು.

ಪಿಕ್ಚರು ಕೊಳ್ಳೇಗಾಲದ ಟೆಂಟಿಗೆ ಬಂದಾಗ ನಾವಿಬ್ಬರೂ ಊರಿಗೆ ಹೋದೆವು. ಹನೂರು, ಶಾಗ್ಯ, ಬಂಡಳ್ಳಿಯಿಂದ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ನೇಕಾರರೆಲ್ಲ ಒಂದು ಕಡೆ, ನಡುವೆ ಅಪ್ಪ. ನಾನು ಹೆಂಗಸರ ಕಡೆ ಮರಳಿನ ಮೇಲೆ ಕೂತಿದ್ದೆ. ಮದುವೆ ಸೀನು ಬಂತು. ಪರದೆಯ ತುಂಬ ಸೆರಗು. ಒಂದೊಂದು ಕೊಂಡಿಯೂ ಬಾಗಿಲ ಚಿಲಕದಷ್ಟು ದೊಡ್ಡದು. ಅಪ್ಪ ಎದ್ದು ನಿಂತುಬಿಟ್ಟ. ಹಿಂದಿನಿಂದ "ಯಾರ್ಲಾ ಅದು, ಕೂತ್ಕಳ್ಲಾ!" ಎಂದು ಕೂಗಿದರು. ಅವನಿಗೆ ಕೇಳಿಸಲೇ ಇಲ್ಲ. ಎರಡು ವರ್ಷದಿಂದ ತನ್ನ ಕೈಕೆಲಸವನ್ನು ಸರಿಯಾಗಿ ನೋಡಿರದವನು ನೋಡುತ್ತಿದ್ದ. ನಾನು ಪಿಕ್ಚರು ನೋಡಲಿಲ್ಲ, ಅವನನ್ನೇ ನೋಡಿದೆ.

ಆಟ ಬಿಟ್ಟ ಮೇಲೆ ಕೇರಿಯವರು ಸುತ್ತುವರಿದರು. "ಅಲ್ಲ ನಂಜಪ್ಪಣ್ಣ, ಬಣ್ಣ ಏನಣ್ಣ ಅದು, ಕೆಂಪಾ ಹಸ್ರಾ?" ಎಂದ ಒಬ್ಬ.

"ಹಳ್ದಿಗ ಬದನೆ," ಎಂದ ಅಪ್ಪ.

"ಧಾರೆ ಸೀರಗ ಬದನೆ ಯಾಕಣ್ಣ?"

ಎಲ್ಲರೂ ಇದ್ದರು, ರೇಷ್ಮೆ ಕೊಡುವ ಸಾವ್ಕಾರರೂ ಇದ್ದರು. ಏನಾದರೂ ನೆಪ ಹೇಳುತ್ತಾನೆ ಎಂದುಕೊಂಡೆ.

"ಕ್ಯಾಮೆರಾಕೂ ನಂಗೂ ಒಂದೇ ಕಣ್ಣು ಕಣ್ರಪ್ಪ," ಎಂದ ಅಪ್ಪ. "ಕೆಂಪು ಹಸ್ರು ನಂಗ ಕಾಣಾಕಿಲ್ಲ. ಎರಡ್ ವರ್ಸಾಯ್ತು. ನನ್ ಮಗಳು ಕಾಣೋ ಬಣ್ಣ ಉಡ್ಕಿ ಕೊಟ್ಲು, ಪಕ್ಕದಲ್ಲಿ ಕೂತ್ಕಂಡು ನೇಯ್ಸಿದ್ಲು."

ಒಬ್ಬ ಸಾವ್ಕಾರರು ಆಮೇಲೆ ರೇಷ್ಮೆ ಕಳಿಸುವುದನ್ನು ನಿಲ್ಲಿಸಿದರು. ಇನ್ನೊಬ್ಬರು, ಹೆಂಗಸರು ಆ ಪಿಕ್ಚರ್ ಸೀರೆಯನ್ನೇ ಕೇಳುತ್ತಿದ್ದಾರೆಂದು ಹಳದಿ, ಬದನೆ ಬಣ್ಣದ ರೇಷ್ಮೆಯನ್ನೇ ಕೊಡುತ್ತಿದ್ದಾರೆ. ಬಲಗಡೆಗೆ ಈಗ ಅವ್ವ ಕೂರುತ್ತಾಳೆ. ಮೈಸೂರಿನ ಡಾಕ್ಟರು ಪೊರೆ ಇನ್ನೂ ಬಲಿಯಬೇಕು, ಬಲಿತ ಮೇಲೆ ತೆಗೆಯೋಣ ಎಂದಿದ್ದಾರಂತೆ. ಅಲ್ಲಿಯವರೆಗೆ ಹೀಗೇ.

ಹೊರಡುವ ದಿನ ಅಪ್ಪ ಬಸ್ ಸ್ಟ್ಯಾಂಡಿನವರೆಗೆ ಬಂದ. ಬೇಡವೆಂದರೂ ಕೇಳಲಿಲ್ಲ. ಬಸ್ಸು ತುಂಬಿತ್ತು, ಯಜಮಾನರು ನನ್ನನ್ನು ಹಿಂದಿನ ಕಿಟಕಿಗೆ ಕೂರಿಸಿದರು. ನಾನು ಅಂದು ಉಟ್ಟಿದ್ದದ್ದು ಹಸಿರು ಸೀರೆ, ಕೆಂಪಂಚಿನದು, ತವರಿನಲ್ಲಿ ಕೊಟ್ಟದ್ದು. ಬಸ್ಸು ಹೊರಟಾಗ ಅಪ್ಪ ಕೈ ಎತ್ತಿ ಬೀಸಿದ. ಬೀಸಿದ್ದು ಮುಂದಿನ ಕಿಟಕಿಗೆ. ಅಲ್ಲಿ ಯಾರೋ ಹೆಂಗಸು ಕೂತಿದ್ದಳು, ಅವಳೂ ಪಾಪ ಗೊಂದಲದಿಂದ ಕೈ ಬೀಸಿದಳು. "ಅಪ್ಪಾ, ಇಲ್ಲಿ! ಇಲ್ಲಿದ್ದೀನಿ!" ಎಂದು ಕೂಗಿದೆ. ಅವನು ದನಿ ಬಂದ ಕಡೆ ತಿರುಗುವಷ್ಟರಲ್ಲಿ ಬಸ್ಸು ಮೂಲೆ ತಿರುಗಿತ್ತು.

ಈಗ ಕೋಡಂಬಾಕ್ಕಂನ ಪೋರ್ಷನ್ನಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ನನಗೆ ಕೆಲಸವಿದೆ, ಹೆಸರಿದೆ, ವೀಟ್ಟಮ್ಮನ ಬಟ್ಟಲಿದೆ. ಈ ಊರನ್ನು ಬಿಟ್ಟು ಬಾ ಎಂದರೆ ಬರಲಾರೆ, ಸುಳ್ಳು ಯಾಕೆ ಹೇಳಲಿ. ಅಲ್ಲಿ ಮಗ್ಗದ ಬಲಗಡೆ ಅವ್ವನ ಕೈ ಸಾಲದು ಎಂಬುದೂ ಗೊತ್ತು. ಎರಡು ಕಡೆಯೂ ಇರುವುದು ಹೇಗೆಂದು ಯಾರಾದರೂ ಬಲ್ಲವರಿದ್ದರೆ ತಿಳಿಸಿ. ನನಗೆ ತೋಚಿದ್ದು ಒಂದೇ. ಒಂದು ಹಳದಿ ಸೀರೆಗೆ ಬದನೆ ಅಂಚು ಹಾಕಿ ನೇಯ್ದಿಡು, ನನಗೇ ಬೇಕು ಎಂದು ಅಪ್ಪನಿಗೆ ಕಾಗದ ಹಾಕಿದ್ದೇನೆ. ಇನ್ನು ಮೇಲೆ ಊರಿಗೆ ಹೋಗುವಾಗಲೂ ಊರಿನಿಂದ ಬರುವಾಗಲೂ ಅದನ್ನೇ ಉಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಎಷ್ಟೇ ಜನ ಇರಲಿ, ಅಪ್ಪನಿಗೆ ನಾನು ಕಾಣಬೇಕು.